ಹೂಂಗುಟ್ಟುವವಳು

ದಾವಲಬಿಗೆ ಹೇಳಬೇಕಾದ ಮಾತು ಬೆಳಗಿನಿಂದ ಶಿವಲಿಂಗವ್ವನ ನಾಲಿಗೆಯ ಕೆಳಗೆ ಹುಣಸೆಬೀಜದಂತೆ ಕೂತಿತ್ತು. ನುಂಗಲೂ ಬರದು, ಉಗುಳಲೂ ಬರದು. ಅವಳು ಪಡಸಾಲೆ ಸಾರಿಸುತ್ತಿದ್ದಳು. ಹಸಿ ಸೆಗಣಿಯ ಮೇಲೆ ಅಂಗೈ ಎಳೆದಲ್ಲೆಲ್ಲ ಅರ್ಧಚಂದ್ರಗಳು ಒಂದರ ಮಗ್ಗುಲಿಗೊಂದು ಮೂಡುತ್ತಿದ್ದವು. ಅಪ್ಪ ಹೊಸಿಲಾಚೆ ನಿಂತು, ಒಣಗದ ನೆಲ ತುಳಿಯಬಾರದೆಂಬ ನೆಪದಲ್ಲಿ ಒಳಗೆ ಬಾರದೆ, ಮುಖ ಬೀದಿಯ ಕಡೆಗಿಟ್ಟುಕೊಂಡೇ ಹೇಳಿದ್ದ: "ಮಧ್ಯಾಹ್ನದ ಮೋಟರಿಗೆ ವಿಜಾಪುರದವರು ಬರ್ತಾರ. ದಾವಲಬಿ ಮನಿಗಿ ಹೋಗಿ ಹೇಳಿ ಬಾ, ಇನ್ನ ಮ್ಯಾಲ ಬರೂದು ಬ್ಯಾಡಂತ. ಇವತ್ತಷ್ಟ ಅಲ್ಲ ಮತ್ತ." ಆಮೇಲೆ ದನಿ ಇಳಿಸಿ, "ನೀ ಹೇಳಿದ್ರ ಆಕಿ ಬ್ಯಾಸರ ಮಾಡ್ಕೊಳ್ಳೂದಿಲ್ಲ" ಅಂದಿದ್ದ. ಶಿವಲಿಂಗವ್ವ "ಹೂಂ" ಅಂದಳು. ಅಪ್ಪ ಹೊರಟುಹೋದ. ಅವನ ಚಪ್ಪಲಿಯ ಸದ್ದು ಕಟ್ಟೆಯ ತನಕ ಹೋಗಿ, ಅಲ್ಲಿ ತಮ್ಮೂರು ಯಳವಿ ನಾಳೆ ಕನ್ನಡ ಸೀಮೆಗೋ ಮರಾಠಿ ಸೀಮೆಗೋ ಸೇರುತ್ತದೆಂದು ದಿನಾ ಜಗಳಾಡುವ ಗಂಡಸರ ಮಾತಿನಲ್ಲಿ ಮುಳುಗಿದ ಮೇಲೆ ಅವಳಿಗೆ ತಾನೇನು ಅಂದೆನೆಂಬುದು ಕೇಳಿಸಿತು. ಮನಸ್ಸು ಕೇಳುವುದಕ್ಕೆ ಮೊದಲೇ ಬಾಯಿ ಹೂಂ ಅಂದಿತ್ತು. ಯಾವತ್ತೂ ಹಾಗೆಯೇ. ಇಪ್ಪತ್ತರ ಹತ್ತಿರ ಬಂದರೂ ಅವಳ ಬಾಯಿ ಇನ್ನೂ ಆಯಿಯ ತೊಡೆಯ ಮೇಲೇ ಮಲಗಿತ್ತು.

ಆಯಿ, ಅಂದರೆ ಅಪ್ಪನ ತಾಯಿ ಸಾವಿತ್ರೆವ್ವ, ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ಮಲಗಿದ್ದಳು. ಹೋದ ಶ್ರಾವಣದಲ್ಲಿ ಲಕ್ವಾ ಹೊಡೆದು ಬಲಗಡೆಯ ಮೈ ಬಿದ್ದುಹೋದ ಮೇಲೆ ಅವಳ ಲೋಕ ಆ ಕೋಣೆಯ ಗೋಡೆಗೂಡು, ಬಾಗಿಲ ಸಂದಿ, ದೀಪ ಹಚ್ಚುವ ಹೊತ್ತು ಇಷ್ಟಕ್ಕೆ ಬಂದು ನಿಂತಿತ್ತು. ಮಾತು ಉಳಿದಿತ್ತು, ನಿಧಾನವಾಗಿ, ಒಂದು ಬದಿಗೆ ಜಾರುತ್ತ. ಮಾತಿಗಿಂತ ಹೆಚ್ಚಾಗಿ ಕಥೆ ಉಳಿದಿತ್ತು. ಕಥೆ ಹಗಲು ಹೇಳಬಾರದು, ಹೇಳಿದರೆ ದಾರಿಯಲ್ಲಿದ್ದ ಸೋದರಮಾವ ಊರು ಮರೆಯುತ್ತಾನೆ. ಹೂಂಗುಡುವವರಿಲ್ಲದೆ ಹೇಳಬಾರದು, ಹೇಳಿದರೆ ಕಥೆ ನೆಲಕ್ಕೆ ಬಿದ್ದು ಇರುವೆ ಮುತ್ತುತ್ತವೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮೂರನೆಯದು: ಕಥೆಗೆ ಮೊದಲ ಹೂಂ ಯಾರು ಅಂದರೋ ಕೊನೆಯ ಹೂಂ ಅವರೇ ಅನ್ನಬೇಕು. ನಡುವೆ ಎದ್ದುಹೋದರೆ ಕಥೆಯೊಳಗಿನ ಮಂದಿ ಎಲ್ಲಿದ್ದವರು ಅಲ್ಲೇ ನಿಂತುಬಿಡುತ್ತಾರೆ. ರಾಜ ಕುದುರೆಯ ಮೇಲೆ ಒಂದು ಕಾಲು ಹಾಕಿ, ಸೊಸೆ ಬಾವಿಗೆ ಬಗ್ಗಿ. ಎಳೆವೆಯಲ್ಲಿ ಇದನ್ನು ಕೇಳಿದ ರಾತ್ರಿಗಳಲ್ಲಿ ಶಿವಲಿಂಗವ್ವ ನಿದ್ದೆಯ ಅಂಚಿನಿಂದ ಜಾರದಂತೆ ತನ್ನ ತೊಡೆ ತಾನೇ ಚಿವುಟಿಕೊಳ್ಳುತ್ತಿದ್ದಳು. ತಾನು ಕಣ್ಣು ಮುಚ್ಚಿದರೆ ಯಾರೋ ಒಬ್ಬಳು ಕಾಡಿನ ನಡುವೆ ತಲೆಯ ಮೇಲೆ ಬುತ್ತಿ ಹೊತ್ತು ನೂರು ವರ್ಷ ನಿಲ್ಲಬೇಕಾಗುತ್ತದೆ.

ಈ ಸಲದ ಕಥೆ ದೀಪಾವಳಿಯ ಮಗ್ಗುಲಲ್ಲಿ ಶುರುವಾಗಿ ಜೋಳದ ತೆನೆ ಕಣಕ್ಕೆ ಬಂದರೂ ಮುಗಿದಿರಲಿಲ್ಲ. ಒಂದೂರಿನಲ್ಲಿ ಎಲ್ಲರ ಒಲೆಗಳೂ ಒಂದೇ ದಿನ ಆರಿಹೋಗುತ್ತವೆ. ಒಬ್ಬ ಹುಡುಗಿ ಬೇರೆ ಊರಿನಿಂದ ಕೆಂಡ ತರಲು ಹೊರಡುತ್ತಾಳೆ. ಈಗ ಅವಳು ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ಹಿಡಿದುಕೊಂಡು ತಿರುಗಿ ಬರುತ್ತಿದ್ದಾಳೆ, ಎದುರಿಗೆ ಹೊಳೆ ತುಂಬಿ ಬಂದಿದೆ. ಈ ಕಥೆಗೆ ಮೊದಲ ಹೂಂ ಅಂದವಳು ಶಿವಲಿಂಗವ್ವನಲ್ಲ, ದಾವಲಬಿ. ಅವಳದು ಹೂಂ ಕೂಡ ಅಲ್ಲ, ಅವಳ ಮನೆಮಾತಿನ ಹೌದು. "ಹೌ." ಪಿಂಜಾರ ಓಣಿಯ ದಾವಲಬಿ ಸಂಜೆ ಬಂದು ಆಯಿಯ ಮಂಚದ ಕಾಲಿಗೆ ಬೆನ್ನು ಕೊಟ್ಟು ಕೂತು, ಆಯಿಯ ಹಳೆಯ ಇಳಕಲ್ಲ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತ, ಒಂದೊಂದು ಹೊಲಿಗೆಗೆ ಒಂದೊಂದು ಹೌ ಅನ್ನುತ್ತಿದ್ದಳು. ಸೂಜಿ ಬಟ್ಟೆಯೊಳಗೆ ಹೋಗುವಾಗ ಆಯಿಯ ಮಾತು, ಹೊರಗೆ ಬರುವಾಗ ದಾವಲಬಿಯ ಹೌ. ಇಬ್ಬರೂ ಈ ಊರಿಗೆ ಸೊಸೆಯರಾಗಿ ಬಂದದ್ದು ಒಂದೇ ಸುಗ್ಗಿಯಲ್ಲಿ. ಅಪ್ಪ ಹುಟ್ಟುವ ಮೊದಲಿನ ಹೌ ಅದು. ಅಪ್ಪ ಆ ಹೌಗಳ ಕೆಳಗೆ ಮಲಗಿ ಬೆಳೆದವನು.

ಒಮ್ಮೆ ಇಬ್ಬರಿಗೂ ಜಗಳವೇ ಆಗಿತ್ತು, ಈ ಹೂಂ ಮೊದಲು ಎಲ್ಲಿ ಹುಟ್ಟಿತೆಂದು. ಆಯಿಯ ಪ್ರಕಾರ ಭೂಮಿಯ ಮೇಲಿನ ಮೊಟ್ಟಮೊದಲ ಕಥೆಯನ್ನು ಶಿವ ಪಾರ್ವತಿಗೆ ಹೇಳಿದ. ಪಾರ್ವತಿ ದಿನವಿಡೀ ದುಡಿದು ದಣಿದಿದ್ದಳು, ತೂಕಡಿಸಿದಳು. ಕಥೆ ಇನ್ನೇನು ನೆಲಕ್ಕೆ ಬೀಳಬೇಕು, ಬಾಗಿಲಲ್ಲಿ ಮಲಗಿದ್ದ ಬಸವಣ್ಣ ಮೆಲುಕು ಹಾಕುತ್ತ ಹೂಂ ಅಂದ. ಅದಕ್ಕೇ ದನದ ಬಾಯಲ್ಲಿ ಇನ್ನೂ ಆ ದನಿ ಇದೆ, ಅದಕ್ಕೇ ಮಂದಿ ಗುಡಿಗೆ ಹೋದರೆ ಬಸವಣ್ಣನ ಕಿವಿಯಲ್ಲಿ ಮೊದಲು ಹೇಳುತ್ತಾರೆ. ದಾವಲಬಿ ಸೂಜಿ ನಿಲ್ಲಿಸಿ ನಕ್ಕಿದ್ದಳು. "ನಿಮ್ಮ ಬಸಣ್ಣ ಆಮ್ಯಾಲ ಬಂದಾನ ಸಾವಕ್ಕಾ. ನಮ್ಮ ಮುಲ್ಲಾ ಹೇಳ್ತಿದ್ದ, ಮಣ್ಣು ನೀರು ಏನೂ ಇಲ್ಲದಾಗ ಅಲ್ಲಾ ಎಲ್ಲಾ ಜೀವಗೋಳನ್ನ ಒಂದ ಕಡೆ ಕೂಡ್ಸಿ, ನಾ ನಿಮ್ಮಾಂವ ಹೌದಲ್ಲೋ ಅಂತ ಕೇಳಿದನಂತ. ಎಲ್ಲಾವೂ ಕೂಡೇ ಹೌ ಅಂದವಂತ. ಅದ ಮೊದಲನೇ ಮಾತು." ಆಯಿ ಕೇಳಿದ್ದಳು, "ಎಲ್ಲಾ ಜೀವ ಅಂದ್ರ ನಾನೂ ಇದ್ದೆನೇನ ಅಲ್ಲಿ?" "ಇರದ ಎಲ್ಲಿ ಹೋಗ್ತೀ? ನನ್ನ ಬಾಜೂಕ ಕುಂತಿದ್ದಿ. ಅವಾಗೂ ನೀನ ಮಾತಾಡಾಕತ್ತಿರಬೇಕು, ನಾನ ಇಬ್ಬರದೂ ಸೇರಿಸಿ ಹೌ ಅಂದಿರಬೇಕು!" ಇಬ್ಬರೂ ನಕ್ಕು ನಕ್ಕು ಕೆಮ್ಮಿದ್ದರು. ಬಾಗಿಲ ಮರೆಯಲ್ಲಿ ಕೂತಿದ್ದ ಶಿವಲಿಂಗವ್ವನಿಗೆ ಅವತ್ತು ರಾತ್ರಿ ಕನಸು. ಬೂದುಬಣ್ಣದ ಬಯಲು, ಇನ್ನೂ ಮೈ ಸಿಗದ ಜೀವಗಳು ಕಾರಹುಣ್ಣಿವೆಯ ಮೋಡಗಳಂತೆ ಒತ್ತೊತ್ತಾಗಿ ಕೂತಿವೆ, ಎಲ್ಲರೂ ಹೂಂ ಅನ್ನುತ್ತಿದ್ದಾರೆ, ಅವಳೊಬ್ಬಳಿಗೆ ದನಿ ಬರುತ್ತಿಲ್ಲ.

"ಇನ್ನೂ ಸಾರಸೂದ ಮುಗದಿಲ್ಲೇನ?" ಅಡಿಗೆಮನೆಯಿಂದ ಅವ್ವ ರುಕ್ಮವ್ವ ಕೂಗಿದಳು. ಅವ್ವನ ಹಣೆಯಲ್ಲಿ ಒಲೆಯ ಬೆವರು, ಕೈಯಲ್ಲಿ ರವೆ ಹುರಿಯುವ ಸವಟು. "ಲಗೂನ ಹೋಗಿ ಬಾ ತಾಯೀ. ನಿಮ್ಮಪ್ಪ ಸಿಟ್ಟಿಗೇಳ್ತಾನ." "ನಿನಗ ಹೇಳ್ಯಾನೇನ, ನಾ ಎಲ್ಲಿ ಹೋಗಬೇಕಂತ?" ಅವ್ವ ಸವಟಿನ ಕಡೆ ನೋಡುತ್ತ "ಹೂಂ" ಅಂದಳು. ಅವ್ವನ ಹೂಂ ಬೇರೆಯೇ. ಅದು ಕಥೆಯನ್ನು ಮುಂದೆ ನಡೆಸುವುದಿಲ್ಲ, ಬಾಗಿಲು ಹಾಕುತ್ತದೆ. ಹೊಲ ಮಾರುವಾಗ ಅಪ್ಪ ಕೇಳಿದ, ಅವ್ವ ಹೂಂ ಅಂದಳು. ಮಗಳನ್ನು ಸಾಲೆ ಬಿಡಿಸುವಾಗ ಹೂಂ. ನಿನ್ನೆ ರಾತ್ರಿ, ವಿಜಾಪುರದ ಸಂಬಂಧ ತಂದ ದುಂಡಪ್ಪ ಊಟದ ತಾಟಿನ ಮುಂದೆ ಬಾಗಿ, "ಹುಡುಗನ ಸೋದರತ್ತಿ ಕಾಳವ್ವ ಭಾಳ ಕಟ್ಟುನಿಟ್ಟಿನಾಕಿ ಮಲಕಾಜಪ್ಪಾ. ಪಿಂಜಾರ ಹೆಂಗಸು ಒಳಕೋಣಿ ತನಕ ಬರ್ತಾಳಂತಲ್ಲ ಅಂತ ಕೇಳಿದಳು. ನಾ ಏನ್ ಹೇಳ್ಲಿ?" ಅಂದಾಗ ಅಪ್ಪ ಅವ್ವನ ಕಡೆ ನೋಡಿದ. ಅವ್ವ ಹೂಂ ಅಂದಳು. ಪ್ರಶ್ನೆ ಯಾವುದೆಂದು ಯಾರೂ ಕೇಳಲಿಲ್ಲ.

ಪಿಂಜಾರ ಓಣಿಗೆ ಹೋಗುವ ದಾರಿ ಚಿಕ್ಕದು. ಶಿವಲಿಂಗವ್ವ ಅದನ್ನು ಉದ್ದ ಮಾಡಲು ನೋಡಿದಳು. ಕಣದ ಅಂಚಿನಲ್ಲಿ ನಿಂತು ಎತ್ತುಗಳು ಸುತ್ತುವುದನ್ನು ನೋಡಿದಳು, ಬಾರಿಹಣ್ಣಿನ ಗಿಡದ ಕೆಳಗೆ ಸುಮ್ಮನೆ ಒಂದು ಹಣ್ಣು ಹುಡುಕಿದಳು. ಹೇಳುವುದಕ್ಕೆ ಏನಿದೆ. ಇನ್ನ ಮ್ಯಾಲ ಬರಬ್ಯಾಡ್ರಿ. ಮೂರೇ ಮಾತು. ಆದರೆ ಆ ಮೂರು ಮಾತು ಅವಳ ಬಾಯಲ್ಲಿ ಯಾವತ್ತೂ ಕೂತಿರಲಿಲ್ಲ. ಇಡೀ ಬದುಕಿನಲ್ಲಿ ಅವಳು ಬೇರೆಯವರ ಮಾತಿನ ಕೊನೆಯಲ್ಲಿ ಬರುವವಳೇ ಹೊರತು ಮಾತು ಶುರುಮಾಡುವವಳಲ್ಲ. ಓಣಿಯ ತಿರುವಿನಲ್ಲೇ ಅರಳೆ ಹಿಂಜುವ ಬಿಲ್ಲಿನ ಸದ್ದು ಎದುರಾಯಿತು. ಧುಂಯ್, ಧುಂಯ್. ದಾವಲಬಿಯ ಮಗ ಕಾಸೀಂಸಾಬ ಅರಳೆಯ ಗುಡ್ಡದೊಳಗೆ ಮುಳುಗಿ ಕೂತಿದ್ದ. ಮೀಸೆ, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿ ಒಂದೇ ಬೆಳಗಿನಲ್ಲಿ ಮುದುಕನಾದಂತೆ ಕಾಣುತ್ತಿದ್ದ. "ಬಾರವಾ ಲಿಂಗವ್ವಾ! ನೋಡಿಲ್ಲಿ, ನಿನ್ನ ಮದಿವಿ ಗಾದಿದ ಅರಳಿ. ನಿಮ್ಮಪ್ಪ ಮೊನ್ನೇನ ಚೀಲ ಕಳಸ್ಯಾನ. ಇದರ ಮ್ಯಾಲ ಮಲಗಿದ್ರ ವಿಜಾಪುರದ ಮಂದಿಗೆ ಮುಂಜಾನಿ ಎಚ್ಚರನ ಆಗಬಾರದು, ಹಂಗ ಹಿಂಜತೀನಿ!" ಅವಳು ನಗಬೇಕಾಗಿತ್ತು. ಮುಖ ನಗುವಿನ ಆಕಾರ ತಾಳಿತು. ಅಪ್ಪ ಮೊನ್ನೆ ಅರಳೆ ಕಳಿಸಿದ್ದಾನೆ, ಇವತ್ತು ಅವಳನ್ನು ಕಳಿಸಿದ್ದಾನೆ. ಗಾದಿ ಹೋಗಬಹುದು ಒಳಕೋಣೆಗೆ.

ದಾವಲಬಿ ಹಿಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನೊಡ್ಡಿ ಅದೇ ಕೌದಿ ಹೊಲಿಯುತ್ತಿದ್ದಳು. ಸಂಜೆಗೆ ದೀಪದ ಬೆಳಕಲ್ಲಿ ಕಣ್ಣು ಸಾಲುವುದಿಲ್ಲವೆಂದು ಮೂಲೆಗಳನ್ನು ಹಗಲಲ್ಲೇ ಮುಗಿಸುತ್ತಾಳೆ. "ಆ ಬೇಟೀ, ಕುಂದ್ರು" ಅಂದು, ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ ಕೈಗೆ ಹಾಕಿದಳು. ಹುಟ್ಟಿದಾಗಿನಿಂದ ತಿಂದ ಶೇಂಗಾ ಅದು. ಶಿವಲಿಂಗವ್ವನ ಮುಷ್ಟಿ ಮುಚ್ಚಿಕೊಂಡಿತು, ಬಾಯಿಯ ತನಕ ಏಳಲಿಲ್ಲ. ಬೆಲ್ಲ ಅಂಗೈಯ ಬೆವರಿಗೆ ಕರಗತೊಡಗಿದ್ದು ಗೊತ್ತಾಯಿತು. ದಾವಲಬಿ ಒಂದು ಗಳಿಗೆ ಆ ಮುಷ್ಟಿಯನ್ನು ನೋಡಿದಳು. ಆಮೇಲೆ ತಾನೇ ಮಾತು ತೆಗೆದಳು, ಎಷ್ಟು ಹಗುರವಾಗಿ ಅಂದರೆ ಶಿವಲಿಂಗವ್ವನಿಗೆ ಒಮ್ಮೆಲೇ ಅಳು ಬಂದಂತಾಯಿತು. "ಇವತ್ತ ನಾ ಬರೂದಿಲ್ಲ ಅಂತ ನಿಮ್ಮ ಆಯಿಗೆ ಹೇಳು. ಬೀಗರು ಬರೂ ದಿನ ಪಿಂಜಾರ ಮುದುಕೀದು ಏನ ಕೆಲಸ ಅಲ್ಲೆ? ನನಗ ಅಷ್ಟೂ ತಿಳಿಯೂದಿಲ್ಲೇನ?"

"ಹೂಂ" ಅಂದಳು ಶಿವಲಿಂಗವ್ವ. ಎದೆಯಿಂದ ಒಂದು ಕಲ್ಲು ಇಳಿದಂತಾಯಿತು. ಇಳಿದ ಕೂಡಲೇ ಅದು ಇಳಿದದ್ದಕ್ಕೆ ನಾಚಿಕೆಯೂ ಆಯಿತು. ಅರ್ಧ ಕೆಲಸ ದಾವಲಬಿಯೇ ಮಾಡಿಬಿಟ್ಟಿದ್ದಾಳೆ, ಎಂದಿನಂತೆ ತನ್ನದೂ ಸೇರಿಸಿ ಇಬ್ಬರದೂ.

"ಆ ಹುಡುಗೀನ ಇವತ್ತೊಂದಿನ ಹೊಳಿ ದಂಡಿ ಮ್ಯಾಲ ಕುಂದ್ರಸಂತ ಹೇಳು ಸಾವಕ್ಕಗ. ಕೆಂಡಕ್ಕ ಬೂದಿ ಮುಚ್ಚಿ ಇಡಂತ, ಆರಬಾರದು. ನಾಳಿ ಬಂದ ಮ್ಯಾಲ ದಾಟಸೂಣಂತ." ದಾವಲಬಿ ಸೂಜಿ ಚುಚ್ಚಿದಳು, ಎಳೆದಳು. ದಾರ ಬಟ್ಟೆಯೊಳಗಿಂದ ಸರಿದು ಬರುವ ಸಣ್ಣ ಸದ್ದು. "ನಾಳಿ ಬರ್ತೀನಿ. ಬರ್ಲೇನವಾ?"

ಹೂಂ ಅನ್ನಬೇಕಾದ ಜಾಗ ಬಂದಿತ್ತು. ಜಗತ್ತಿನಲ್ಲಿ ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ, ಮಾತಿನ ಕೊನೆಯಲ್ಲಿ ಬರುವ ಆ ಜಾಗವನ್ನು ತುಂಬುವುದು. ಅಪ್ಪನಿಗೆ ತುಂಬಿಕೊಟ್ಟಿದ್ದಳು ಬೆಳಿಗ್ಗೆ, ಯೋಚಿಸದೆ. ಈಗ ಯೋಚನೆ ಬಂದು ಹೂಂಗೆ ಅಡ್ಡ ನಿಂತಿತು. ಇನ್ನ ಮ್ಯಾಲ ಬರಬ್ಯಾಡ್ರಿ ಎಂಬುದನ್ನು ಅವಳು ಹೇಳಲಿಲ್ಲ, ಹೇಳುವ ಅಗತ್ಯ ಬೀಳಲಿಲ್ಲ. ಒಳಗೆ ಬಿಲ್ಲು ಧುಂಯ್ ಅಂದಿತು, ಮತ್ತೆ ಧುಂಯ್ ಅಂದಿತು. ದಾವಲಬಿ ಕಾಯ್ದಳು. ಒಂದು ಕಥೆಯ ಒಂದು ಸಾಲಿಗೆ ಎಷ್ಟು ಕಾಯಬಹುದೋ ಅಷ್ಟು, ಅದಕ್ಕಿಂತ ಸ್ವಲ್ಪ ಹೆಚ್ಚು. ಆಮೇಲೆ ಬಾಗಿ, ಸಾಲು ಇನ್ನೂ ಮುಗಿಯದಿದ್ದರೂ, ದಾರವನ್ನು ಹಲ್ಲಿನಿಂದ ಕಡಿದಳು. "ಹೌ" ಅಂದಳು. ಯಾವ ಕಥೆಗೂ ಅಲ್ಲದ ಹೌ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಸೂಜಿಯನ್ನು ಅದರ ಮೇಲೇ ಕಾಣುವಂತೆ ಚುಚ್ಚಿ, ಶಿವಲಿಂಗವ್ವನ ತೊಡೆಯ ಮೇಲಿಟ್ಟಳು. "ನಿಮ್ಮ ಆಯಿ ಸೀರಿ ಇವು. ನಿಮ್ಮ ಮನಿಯಾಗ ಇರ್ಲಿ. ರೋ ನಕ್ಕೋ, ಬೇಟೀ, ಅಳಬ್ಯಾಡ. ಸೂಜಿ ಐತಿ, ಜ್ವಾಕಿ."

ತಿರುಗಿ ಬರುವಾಗ ಕೌದಿ ಭಾರವಾಗಿತ್ತು. ದಾವಲಬಿ ಬೈದಿದ್ದರೂ ಆಗುತ್ತಿತ್ತು ಅಂದುಕೊಂಡಳು. ಮರಾಠಿ ಸಾಲೆಯಲ್ಲಿ ಗುರೂಜಿ ಬೈದದ್ದು ಇನ್ನೂ ನೆನಪಿದೆ, ಬೈಗುಳಕ್ಕೆ ಒಂದು ಅಂಚು ಇರುತ್ತದೆ, ಹಿಡಿದುಕೊಳ್ಳಬಹುದು. ಪಾಠ ಹೇಳುತ್ತಿದ್ದ ಗುರೂಜಿಗೆ ಅವಳು ಮನೆಯ ರೂಢಿಯಂತೆ ಸಾಲುಸಾಲಿಗೂ ಹೂಂಗುಟ್ಟಿದ್ದಳು. ಅವರು ಪುಸ್ತಕ ಮುಚ್ಚಿ, "ಹೂಂ ಕಾಯ ಗ? ಹೋ ಗುರುಜೀ ಮ್ಹಣ!" ಅಂದು ಬೆಂಚಿನ ಮೇಲೆ ನಿಲ್ಲಿಸಿದ್ದರು. ಹೋ ಅನ್ನಬೇಕಂತೆ, ಹೂಂ ಅನ್ನುವುದು ದನದ ಕೊಟ್ಟಿಗೆಯ ಭಾಷೆಯಂತೆ. ಇಡೀ ಸಾಲೆ ಅಂಬಾ ಅಂದಿತ್ತು. ಅವಳು ಅಷ್ಟೆತ್ತರದಲ್ಲಿ ನಿಂತು, ಕಿಟಕಿಯಾಚೆ ಬೇವಿನ ಗಿಡ ನೋಡುತ್ತ, ಹೋ, ಹೋ, ಹೋ ಎಂದು ಒಳಗೊಳಗೇ ಕಲಿತಿದ್ದಳು. ತುಟಿ ಮುಚ್ಚಿದರೆ ಕನ್ನಡ, ತೆರೆದರೆ ಮರಾಠಿ. ಸಂಜೆ ಅದನ್ನು ಕೇಳಿದ ಆಯಿ, "ಬಸವಣ್ಣನ ಮಾತು ಅಂದ್ನೇನ? ಹಂಗಾದ್ರ ಖರೇನ ಅಂದಾನ ಬಿಡು" ಅಂದಿದ್ದಳು. ಮಠದ ಅಯ್ಯನವರೂ ಒಮ್ಮೆ ಪಾದಪೂಜೆಗೆ ಬಂದವರು, ಹುಂ ಎಂಬುದು ಮಂತ್ರದ ಬೀಜಾಕ್ಷರ, ಹೆಣ್ಣುಮಕ್ಕಳು ಅಡ್ಡಾದಿಡ್ಡಿ ಬಾಯಲ್ಲಿ ಹಾಕಿಕೊಳ್ಳಬಾರದು ಎಂದಿದ್ದರು. ಆಯಿ ಕೈಮುಗಿದುಕೊಂಡೇ, "ಬೀಜ ಅಂದ್ರ ಬಿತ್ತಾಕ ಇರೂದಲ್ರಿ ಅಯ್ಯನವರ? ಕಣಜದಾಗ ಇಟ್ರ ನುಸಿ ಹತ್ತತಾವ" ಅಂದಿದ್ದಳು. ದರ್ಗಾದ ಉರುಸಿನಲ್ಲಿ ಫಕೀರರು ಗೋಲಾಗಿ ಕೂತು ತಲೆ ತೂಗುತ್ತ ಹೂ, ಹೂ ಅನ್ನುವಾಗ ದಾವಲಬಿಯ ಸೊಂಟದ ಮೇಲೆ ಕೂತಿದ್ದ ಎಳೆಯ ಶಿವಲಿಂಗವ್ವ, ಇವರಿಗೆಲ್ಲ ಯಾರು ಕಥೆ ಹೇಳುತ್ತಿದ್ದಾರೆ, ನನಗೇಕೆ ಕೇಳಿಸುತ್ತಿಲ್ಲ ಎಂದು ಕೇಳಿದ್ದಳು. ದಾವಲಬಿ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, "ಅವರಿಗೂ ಕೇಳ್ಸೂದಿಲ್ಲವಾ. ಕೇಳಾಕತ್ತೀವಿ ಅಂತ ಆತಗ ಗೊತ್ತಾಗಲಿ ಅಂತ ಅಂತಾರ" ಅಂದಿದ್ದಳು. ಆ ಹೆಗಲಿನಲ್ಲಿ ಅರಳೆಯ ಧೂಳಿನ ವಾಸನೆ ಇತ್ತು. ಈ ಕೌದಿಯಲ್ಲೂ ಅದೇ. ಮುಷ್ಟಿ ಬಿಚ್ಚಿ ನೋಡಿದಳು. ಶೇಂಗಾ ಬೆಲ್ಲಕ್ಕೆ ಅಂಟಿ ಮುದ್ದೆಯಾಗಿತ್ತು. ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ. ಮನೆ ಮುಟ್ಟಿ, ಕೌದಿಯನ್ನು ಆಯಿಯ ಕೋಣೆಯ ಬಾಗಿಲ ಹಿಂದೆ ಮರೆಮಾಡಿ, ಕೈ ತೊಳೆದಳು. ಆಯಿ ಮಂಚದಿಂದ ಕೇಳಿದಳು, "ದಾವಲಾ ಹೆಂಗದಾಳ?" "ಚಲೋ ಅದಾಳ." ದಾವಲಬಿ ಹೇಳಿಕಳಿಸಿದ ಮಾತನ್ನು, ಹುಡುಗಿಯನ್ನು ದಂಡೆಯ ಮೇಲೆ ಕೂರಿಸುವ ಮಾತನ್ನು, ಅವಳು ಹೇಳಲಿಲ್ಲ. ಹೇಳಿದರೆ, ನಾಳೆ ಬರ್ತಾಳೇನು ಎಂದು ಆಯಿಯೂ ಕೇಳುತ್ತಾಳೆ.

ವಿಜಾಪುರದವರು ಬಂದರು. ಕಾಳವ್ವ ಅವಳು ಊಹಿಸಿದಂತೆ ಇರಲಿಲ್ಲ. ಕಥೆಯೊಳಗಿನ ಅತ್ತೆಯಂತೆ ಹಲ್ಲು ಕಚ್ಚಿದ ಮುಖವಲ್ಲ. ಚಿಕ್ಕಂದಿನಲ್ಲೇ ಗಂಡನನ್ನು ಕಳಕೊಂಡು ತವರಿನ ಮನೆತನ ನಡೆಸಿದ ಹೆಂಗಸು, ಮೋಟರಿನ ಧೂಳಿಗೆ ಕಣ್ಣು ಕೆಂಪಾಗಿದ್ದವು, ಮೊಣಕಾಲು ಹಿಡಿದುಕೊಂಡು ಕೂತಳು. ದುಂಡಪ್ಪ ಎರಡೂ ಕಡೆಯವರ ಪರವಾಗಿ ನಗುತ್ತಿದ್ದ. ಚಾಪೆಯ ನಡುವೆ ತಾಟಿನಲ್ಲಿ ಸಕ್ಕರೆಯ ಪೊಟ್ಟಣ. ಮಾತು ಕೂಡಿದರೆ ಅದನ್ನು ಬಿಚ್ಚಿ ಎಲ್ಲರ ಬಾಯಿಗೂ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಶಿವಲಿಂಗವ್ವ ಶಿರಾದ ಬಟ್ಟಲು ತಂದಿಟ್ಟು, ನಮಸ್ಕಾರ ಮಾಡಿ, ತಲೆ ತಗ್ಗಿಸಿ ಕೂತಳು. "ಸಾಲಿ ಕಲ್ತಿಯೇನವಾ?" ಹೂಂ. "ಕಸೂತಿ ಬರ್ತೈತಿ?" ಹೂಂ. "ಹೊತ್ತ ಹುಟ್ಟೂಕ ಮೊದಲ ಏಳ್ತೀಯಿಲ್ಲೋ?" ಹೂಂ. ಕಾಳವ್ವ ಅಪ್ಪನ ಕಡೆ ತಿರುಗಿ, "ಹುಡುಗಿ ಗಂಭೀರ ಅದಾಳ ಬಿಡ್ರಿ. ಹೂಂ ಬಿಟ್ರ ಬ್ಯಾರೆ ಮಾತಿಲ್ಲ. ನಮ್ಮನ್ಯಾಗ ಮಾತಾಡೂ ಮಂದಿ ಭಾಳ ಆಗ್ಯಾರ, ಕೇಳಾವ್ರ ಇಲ್ಲ" ಅಂದಳು. ದುಂಡಪ್ಪ ತೊಡೆ ತಟ್ಟಿಕೊಂಡ. ಅಪ್ಪನ ಹೆಗಲು ಇಳಿಯಿತು. ಬೆಳಗಿನಿಂದ ಅವನೂ ಏನನ್ನೋ ಹೊತ್ತುಕೊಂಡಿದ್ದ ಎಂಬುದು ಆ ಇಳಿದ ಹೆಗಲಲ್ಲಿ ಕಂಡಿತು. ಅಪ್ಪ ಅವಳ ಕಡೆ ನೋಡಿ ಹುಬ್ಬು ಏರಿಸಿದ. ಹೇಳಿದೆಯಾ? ಅವಳ ತಲೆ ತಾನಾಗಿ ಅಲುಗಿತು. ಹೇಳದೆಯೇ ಹೇಳಿದ್ದನ್ನು ಇನ್ನೇನೆಂದು ಕರೆಯುವುದು.

ಮಾತಿನಲ್ಲೇ ಸಂಜೆಯಾಯಿತು, ಅವ್ವ ದೀಪ ಹಚ್ಚಿದಳು. ಪಡಸಾಲೆಯ ಬೆಳಕು ಬಾಗಿಲ ಸಂದಿಯಿಂದ ಸಣ್ಣ ಗೆರೆಯಾಗಿ ಕೋಣೆಯೊಳಗೆ ಬಿತ್ತು. ಒಳಗೆ ಮಂಚ ಕಿರ್ ಅಂದಿತು. ಆಯಿಗೆ ಬೀಗರು ಬಂದದ್ದು ಹೇಳಿದ್ದರು, ಹೂವು ಮುಡಿಸಿದ್ದರು, ಆದರೆ ಬೆಳಕಿನ ಗೆರೆಯ ಮುಂದೆ ಉಳಿದದ್ದೆಲ್ಲ ಅಳಿಸಿಹೋಯಿತೆಂದು ಕಾಣುತ್ತದೆ.

"ಹೊಳಿ ತುಂಬಿ ಬಂದಿತ್ತು" ಎಂದಿತು ಒಳಗಿನ ದನಿ, ಒಂದು ಬದಿಗೆ ಜಾರುತ್ತ, ಆದರೂ ಪಡಸಾಲೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಹುಡುಗಿ ಕೈಯಾಗ ಕೆಂಡ ಇತ್ತು."

ಆಮೇಲೆ ಮೌನ. ಕಾಯುವ ಮೌನ. ಕಾಳವ್ವ ಶಿರಾದ ಬಟ್ಟಲಿನಿಂದ ತಲೆಯೆತ್ತಿದಳು. ಅವ್ವ ಲಗುಬಗೆಯಿಂದ ಒಳಗೆ ಹೋದಳು, "ಹೂಂ ಅತ್ತೀ, ಮುಂದ?" ಅಂದದ್ದು ಕೇಳಿಸಿತು. "ನೀ ಅಲ್ಲ" ಅಂದಳು ಆಯಿ. "ಹೊಳಿ ತುಂಬಿ ಬಂದಿತ್ತು. ಹುಡುಗಿ ಕೈಯಾಗ ಕೆಂಡ ಇತ್ತು." ಮತ್ತೆ ಅದೇ ಬಾಯಿ ತೆರೆದ ಮೌನ. ಅವ್ವ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. "ಯಾರನ್ನ ಕೇಳಾಕತ್ತಾರ ಅವರು?" ಕಾಳವ್ವ ಕೇಳಿದಳು, ಕುತೂಹಲದಿಂದಲೇ. ಅಪ್ಪ ನಕ್ಕ, ಅಂಗಡಿಕಾರರು ಗಿರಾಕಿಗಳ ಎದುರು ನಗುವ ನಗೆ. "ವಯಸ್ಸಾತಲ್ರಿ ಅವ್ವಗ. ತಲಿ ನಿಂತಿಲ್ಲ. ಯಾರೂ ಇಲ್ಲದಾಗ ಯಾರೋ ಅದಾರ ಅಂತ ಮಾತಾಡ್ತಾಳ."

ಯಾರೂ ಇಲ್ಲದಾಗ. ಶಿವಲಿಂಗವ್ವ ಆ ಮಾತಿಗೂ ಹೂಂ ಅನ್ನಲು ತನ್ನ ಬಾಯಿ ಸಜ್ಜಾದದ್ದನ್ನು ಕಂಡಳು, ಬೇರೆ ಯಾರದೋ ಬಾಯಿ ಎಂಬಂತೆ ಕಂಡಳು. ಮಂಚದ ಕಾಲಿನ ಬಳಿ ಒಂದು ಬೆನ್ನು ಒರಗಿ ಒರಗಿ ನುಣುಪಾದ ಜಾಗವಿದೆ. ಅಪ್ಪನಿಗೆ ಅದು ಗೊತ್ತು. ಅವನು ದಡಾರ ಬಂದು ಮಲಗಿದ್ದಾಗ ಆ ಬೆನ್ನು ರಾತ್ರಿಯೆಲ್ಲ ಅಲ್ಲೇ ಕೂತಿತ್ತೆಂದು ಅವನೇ ಹೇಳಿದ್ದಾನೆ. ಈಗ ಅಲ್ಲಿ ಯಾರೂ ಇರಲೇ ಇಲ್ಲ, ಆಯಿಗೆ ಹುಚ್ಚು. ಹೀಗೆ ಒಂದೊಂದೇ ಹೂಂ ಸೇರಿಸಿ ಒಬ್ಬ ಹೆಂಗಸನ್ನೇ ಅಳಿಸಿಬಿಡಬಹುದು. ಒಳಗೆ ಮೂರನೆಯ ಸಲ ದನಿ ಏಳಲಿಲ್ಲ. ಅದಕ್ಕೆ ಬದಲಾಗಿ ಉಸಿರು ಕೇಳಿಸಿತು, ಎಳೆದು ಬಿಡುವ ಉಸಿರು, ಹೊಳೆಯ ದಂಡೆಯಲ್ಲಿ ನಿಂತವಳದೋ ಮಂಚದ ಮೇಲೆ ಮಲಗಿದವಳದೋ. ಬೋಕಿಯಲ್ಲಿ ಕೆಂಡ ಬೂದಿಯಾಗುತ್ತಿತ್ತು. ಸಕ್ಕರೆಯ ಪೊಟ್ಟಣದ ದಾರ ಬಿಚ್ಚಲು ದುಂಡಪ್ಪ ಕೈಚಾಚಿದ.

"ಹೌ" ಅಂದಳು ಶಿವಲಿಂಗವ್ವ.

ಮೆಲ್ಲಗೆ ಅಂದಿದ್ದರೆ ಯಾರಾದರೂ ಕೇಳಿಸಲಿಲ್ಲ ಅನ್ನಬಹುದಾಗಿತ್ತು. ಅವಳು ಮೆಲ್ಲಗೆ ಅನ್ನಲಿಲ್ಲ. ದುಂಡಪ್ಪನ ಕೈ ದಾರದ ಮೇಲೇ ನಿಂತಿತು. ಒಳಗೆ ಮಂಚ ಮತ್ತೆ ಕಿರ್ ಅಂದಿತು.

"ದಾವಲಾ," ಅಂದಳು ಆಯಿ. ದನಿಯಲ್ಲಿ ಹುಸಿಮುನಿಸು, ಮುನಿಸಿನ ಕೆಳಗೆ ನಿರಾಳ. "ಇವತ್ತ ಯಾಕ ಇಷ್ಟ ದೂರ ಕುಂತೀ? ಹತ್ತರ ಬಾ."

ಪಡಸಾಲೆಯ ನಡುವೆ ಆ ಹೆಸರು ಬಂದು ನಿಂತಿತು. ಅಪ್ಪನ ಕಡೆ ಅವಳು ನೋಡಲಿಲ್ಲ, ನೋಡಿದರೆ ಏಳಲಾಗುತ್ತಿರಲಿಲ್ಲ. ಕಾಳವ್ವನ ಬಟ್ಟಲು ನೆಲ ಮುಟ್ಟಿದ ಸದ್ದು ಕೇಳಿತು. ಇಟ್ಟ ಸದ್ದೋ, ಸರಿಸಿದ ಸದ್ದೋ. ಬೆಳಿಗ್ಗೆ ತಾನೇ ಎಳೆದ ಅರ್ಧಚಂದ್ರಗಳ ಮೇಲೆ ಕಾಲಿಟ್ಟು ಶಿವಲಿಂಗವ್ವ ಹೊಸಿಲ ತನಕ ನಡೆದಳು. ಬೆಳಕಿನ ಗೆರೆ ಅವಳ ನೆರಳಿಗೆ ಸಿಕ್ಕು ಮುರಿಯಿತು. ಬಾಗಿಲ ಹಿಂದಿನಿಂದ ಕೌದಿ ಎತ್ತಿಕೊಂಡಳು. ಸೂಜಿ ಬೆರಳಿಗೆ ಚುಚ್ಚಿತು.

"ದಾವಲಾಯಿ ಅಲ್ಲ ಆಯಿ, ನಾನು" ಅಂದಳು. ಹೊಸಿಲ ಮೇಲೆ ನಿಂತಿದ್ದರಿಂದ ಮಾತು ಎರಡೂ ಕಡೆಗೆ ಹೋಯಿತು. "ದಾವಲಾಯಿ ನಾಳಿ ಬರ್ತಾಳ. ದೀಪ ಹಚ್ಚೂ ಹೊತ್ತಿಗೆ ನಾನ ಹೋಗಿ ಕರಕೊಂಡ ಬರ್ತೀನಿ." ಇನ್ನೂ ಇತ್ತು ಹೇಳುವುದು, ಬೆಳಗಿನಿಂದ ಹೇಳದೆ ಇಟ್ಟುಕೊಂಡದ್ದು. ಮಾತು ಶುರುಮಾಡಿದರೆ ಅದು ತನ್ನಿಂದ ತಾನೇ ಮುಂದೆ ಹೋಗುತ್ತದೆಂಬುದು ಅವಳಿಗೆ ಗೊತ್ತಿರಲಿಲ್ಲ. "ಅಲ್ಲೀತನಕ ಆ ಹುಡುಗೀನ ಹೊಳಿ ದಂಡಿ ಮ್ಯಾಲ ಕುಂದ್ರಸಬೇಕಂತ. ಕೆಂಡಕ್ಕ ಬೂದಿ ಮುಚ್ಚಬೇಕಂತ. ಆರೂದಿಲ್ಲಂತ."

ಹಿಂದೆ ಅಪ್ಪ ಗಂಟಲು ಸರಿಮಾಡಿಕೊಂಡ. 'ಶಿವಲಿಂಗಾ' ಅನ್ನುತ್ತಾನೇನೋ ಎಂದು ಬೆನ್ನು ಕಾಯ್ದಿತು. ಅನ್ನಲಿಲ್ಲ. ಅವಳು ಮಂಚದ ಕಾಲಿನ ಆ ನುಣುಪು ಜಾಗ ಬಿಟ್ಟು, ಅದರ ಮಗ್ಗುಲಿಗೆ ಕೂತು, ಕೌದಿಯನ್ನು ತೊಡೆಯ ಮೇಲೆ ಹರಡಿದಳು. ಹೊಲಿಗೆಯ ಸಾಲು ಎಲ್ಲಿ ಕಡಿದಿತ್ತೋ ಅಲ್ಲಿ ದಾರದ ತುದಿ ಇನ್ನೂ ಮೇಲೆದ್ದು ನಿಂತಿತ್ತು. ಆಯಿ ಚಾವಣಿ ನೋಡುತ್ತ ಮಲಗಿದ್ದಳು. ಜೀವಮಾನದಲ್ಲಿ ಒಮ್ಮೆಯೂ ಹೂಂಗುಟ್ಟಿದವಳಲ್ಲ ಅವಳು, ಹೇಳಿದವಳು, ಹೇಳುತ್ತಲೇ ಇದ್ದವಳು. ಅವಳ ಬಿದ್ದುಹೋದ ತುಟಿ ನಿಧಾನವಾಗಿ, ಬಹಳ ಕಷ್ಟದಿಂದ, ಇನ್ನೊಂದು ತುಟಿಯನ್ನು ಹುಡುಕಿ ಸೇರಿಕೊಂಡಿತು.

"ಹೂಂ" ಅಂದಳು ಆಯಿ. ಅಂದು, ಮುಂದಿನ ಮಾತಿಗೆ ಕಾಯತೊಡಗಿದಳು.